ಹೊಂಗೆಮರದ ಪಕ್ಕದ ಪಾತಿ

ಹಾರನಹಳ್ಳಿ ಹೋಬಳಿ, ಪಿರಿಯಾಪಟ್ಟಣ ತಾಲ್ಲೂಕು
ಫೆಬ್ರವರಿ, ಅವರೆಕಾಯಿ ಮುಗಿದ ವಾರ

ಪುಟ್ಟತಾಯಕ್ಕಾ,

ಈ ಕಾಗದವನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು ಮಂಗಳಮ್ಮ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಕಥೆ ಓದುವಾಗ ಹೆದರಿಕೆಯ ಜಾಗವನ್ನು ಹಾರಿಸಿಬಿಡುತ್ತಾಳಂತೆ. ಇಲ್ಲಿ ಯಾವುದನ್ನೂ ಹಾರಿಸಬಾರದು ಎಂದು ಅವಳಿಗೆ ಹೇಳು. ನನ್ನ ಮಾನ ಉಳಿಸಲು ಯಾರೂ ಹೋಗಬೇಡಿ.

ಮೊದಲು ‘ನೀವು’ ಎಂದೇ ಶುರು ಮಾಡಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ನಿನ್ನ ದನಿ ಕೇಳಿಸಿತು: “ಇದ್ಯಾರ್ಗೋ ಬರ್ದವ್ನೆ ಕಣವ್ವ, ನಂಗಲ್ಲ. ವಾಪಸ್ ಕಳಿಸ್ಬುಡು.” ಹರಿದು ಹಾಕಿದೆ. ಒಡಹುಟ್ಟಿದ ಅಕ್ಕನಿಗೆ ಬರೆದಂತೆ ‘ನೀನು’ ಎಂದೇ ಬರೆಯುತ್ತೇನೆ. ಆ ಸಲಿಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ, ಪೂರ್ತಿ ಕೇಳಿ ನೀನೇ ಹೇಳು.

ನೀನು ಊರು ಬಿಟ್ಟು ಮಿರ್ಲೆಯ ಮಗಳ ಮನೆ ಸೇರಿ ಏಳು ವಾರವಾಯಿತು. ಕೇಳಿದವರಿಗೆಲ್ಲ “ಮಗಳ್ ಮಗೀಗೆ ಉಸಾರಿಲ್ಲ” ಎಂದು ಹೇಳಿ ಬಸ್ ಹತ್ತಿದೆಯಂತೆ. ಹೋದ ಕಾರಣ ನಿನಗೂ ಗೊತ್ತು, ನನಗೂ ಗೊತ್ತು. ನನ್ನ ಮುಖಕ್ಕೆ ಮಸಿ ಹತ್ತದಿರಲಿ ಎಂದು ನೀನು ಸುಳ್ಳು ಹೇಳಿದೆ. ಅದರ ಬದಲು ಊರ ನಡುವೆ ನಿಂತು ಉಗಿದು ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಲ್ಲ ಶುರುವಾದದ್ದು ನಾನು ಎಚ್.ಡಿ. ಕೋಟೆ ಕಡೆಯ ಒಂದು ತೋಟಕ್ಕೆ ಹೋಗಿ ಹನ್ನೆರಡು ದಿನ ಪರ್ಮಾಕಲ್ಚರ್ ಕಲಿತು ಬಂದದ್ದರಿಂದ. ಗೊಬ್ಬರದಂಗಡಿ, ಔಷಧದಂಗಡಿಗಳ ಹಂಗಿಲ್ಲದೆ, ಕಾಡು ಬೆಳೆಯುವ ಹಾಗೆ ಅನ್ನ ಬೆಳೆಯುವ ವಿದ್ಯೆ ಅದು. ಹೊರಟ ದಿನ ನೀನು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ನಗಾಡಿದ್ದೆ: “ಅರವತ್ತು ವರ್ಸಕ್ಕೆ ಇಸ್ಕೂಲ್ಗೆ ಒಂಟವ್ನೆ, ಚೀಲದಲ್ಲಿ ಸಿಲೇಟು ಐತಾ ನೋಡ್ರಲಾ.”

ಅಲ್ಲಿ ಇಪ್ಪತ್ತೆರಡು ಜನ ಕಲಿಯಲು ಬಂದಿದ್ದರು. ನಿನ್ನ ಕೇರಿಯಂಥ ಕೇರಿಯಿಂದ ಬಂದವರು ಒಬ್ಬರೂ ಇಲ್ಲ. ಕೂಲಿಗೆ ಬಗ್ಗಿದ ಬೆನ್ನು ಒಂದೂ ಇಲ್ಲ. ಮೊದಲ ದಿನ ಕಣ್ಣು ಮುಚ್ಚಿಸಿ, ಅಂಗೈಗೆ ಹಿಡಿ ಮಣ್ಣು ಕೊಟ್ಟು, ಮುಟ್ಟಿ ನೋಡಿ, ಮೂಸಿ ನೋಡಿ ಎಂದರು. ಒಬ್ಬಾಕೆ ಅತ್ತೇಬಿಟ್ಟಳು. ನನ್ನ ಮೈ ಉರಿಯಿತು. ನಲವತ್ತು ವರ್ಷ ಭೂಮಿಯ ಹಕ್ಕಿಗಾಗಿ ಕೂಗಿ, ಲಾಠಿ ತಿಂದು, ಎರಡು ಸಲ ಜೈಲು ನೋಡಿದವನು ನಾನು. ಮಣ್ಣು ಮುಟ್ಟುವುದು ಕೆಲವರಿಗೆ ಧ್ಯಾನ. ನಿನ್ನಂಥವರಿಗೆ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗಿನ ಕೂಲಿ. ಬಾಯಿಗೆ ಬಂದ ಮಾತನ್ನು ಅನ್ನದ ಜೊತೆ ನುಂಗಿಕೊಂಡೆ.

ಆದರೂ ಕಲಿತದ್ದನ್ನು ಕಲಿಯಲಿಲ್ಲ ಎನ್ನುವುದಿಲ್ಲ. ಪಾಠ ಹೇಳಿದ ಕಿರಣ್ಕುಮಾರ್ ನನ್ನ ಅರ್ಧ ವಯಸ್ಸಿನವನು, ಒಳ್ಳೆಯ ಮೇಷ್ಟ್ರು. ಅವನು ಹೇಳಿದ ಒಂದು ಸಂಗತಿ ತಲೆಯಲ್ಲಿ ನಾಟಿತು. ಚಳಿ ದೇಶದ ಮಣ್ಣು ಸತ್ವವನ್ನು ತನ್ನೊಳಗೇ ಕೂಡಿಟ್ಟುಕೊಳ್ಳುತ್ತದಂತೆ. ನಮ್ಮಂಥ ಬಿಸಿಲು ಮಳೆಯ ಸೀಮೆಯಲ್ಲಿ ಸತ್ವ ಮಣ್ಣಲ್ಲಿ ಬಹಳ ದಿನ ನಿಲ್ಲುವುದಿಲ್ಲ, ಗಿಡ ಮರ ಬಳ್ಳಿಗಳ ಮೈಯಲ್ಲಿ ಓಡಾಡಿಕೊಂಡಿರುತ್ತದೆ. ಅದಕ್ಕೇ ಇಲ್ಲಿ ನೆಲವನ್ನು ಬೆತ್ತಲೆ ಬಿಡಬಾರದು. ಸೊಪ್ಪು ಕಡಿದು ನೆಲಕ್ಕೆ ಹಾಸು, ಕೊಳೆಯಲಿ, ಮತ್ತೆ ಸೊಪ್ಪಾಗಿ ಏಳಲಿ. ಎತ್ತರದ ಮರದ ಕೆಳಗೆ ಗಿಡ್ಡ ಮರ, ಅದರ ಕೆಳಗೆ ಪೊದೆ, ಪೊದೆಯ ಬುಡದಲ್ಲಿ ಸೊಪ್ಪು, ನೆಲದೊಳಗೆ ಗೆಡ್ಡೆ. ಇಳಿಜಾರಿಗೆ ಅಡ್ಡಲಾಗಿ ಮಟ್ಟ ಹಿಡಿದು ಕಾಲುವೆ ತೋಡು, ಬಿದ್ದ ಮಳೆ ಬಿದ್ದಲ್ಲೇ ಇಂಗಲಿ. ಕೇಳುತ್ತಾ ಕೇಳುತ್ತಾ ನನ್ನ ಕಣ್ಣಮುಂದೆ ಬಂದದ್ದು ಅಪ್ಪನ ಎರಡು ಎಕರೆ. ಐವತ್ತು ವರ್ಷ ಹೊಗೆಸೊಪ್ಪು ಬಿಟ್ಟು ಬೇರೆ ಹೆಸರು ಕೇಳದ ನೆಲ. ಅದರಲ್ಲಿ ತಿನ್ನುವ ಪದಾರ್ಥ ಬೆಳೆದು ತೋರಿಸಬೇಕು, ಹೊಗೆಸೊಪ್ಪು ಕೈಬಿಟ್ಟರೂ ಈ ತಾಲ್ಲೂಕಿನಲ್ಲಿ ಬದುಕಬಹುದು ಎಂದು ನಾಲ್ಕು ಜನಕ್ಕೆ ಕಾಣಿಸಬೇಕು ಎಂದು ಹಟ ಹಿಡಿಯಿತು.

ಆಗ ಕರೆದದ್ದು ನಿನ್ನನ್ನೇ. ಯಾಕೆ ಎಂದು ನಿನಗೆ ಗೊತ್ತು, ಮಂಗಳಮ್ಮನಿಗೆ ಗೊತ್ತಿಲ್ಲದೆ ಇರಬಹುದು.

ನನಗೆ ಇಪ್ಪತ್ತೊಂದು, ನಿನಗೆ ಇಪ್ಪತ್ತಾರು. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮುಂದೆ ಕೂತು ನೀನು ಹಸಿ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿದ್ದೆ. ಎಲೆಯ ಅಂಟು ಹತ್ತಿ ನಿನ್ನ ಬೆರಳು ಕಪ್ಪಗೆ ಗೋಂದಾಗಿರುತ್ತಿದ್ದವು. ನೀನು ಮುಟ್ಟಿದ ಎಲೆಯನ್ನು ಅಪ್ಪ ಮುಟ್ಟುತ್ತಿದ್ದ, ಮೂಸುತ್ತಿದ್ದ, ಹೆಮ್ಮೆಯಿಂದ ಹರಾಜಿಗೆ ಒಯ್ಯುತ್ತಿದ್ದ. ನೀನು ಕುಡಿಯುವ ನೀರು ಮಾತ್ರ ಮೇಲಿನಿಂದಲೇ ಬೀಳಬೇಕು. ನನ್ನವ್ವ ಪ್ರೇಮಮ್ಮ, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಇರುವೆ ತುಳಿಯಲು ಹೆದರುವವಳು, ಜಗಲಿಯ ಮೇಲೆ ನಿಂತು ಚೊಂಬು ಎತ್ತಿ ಹೊಯ್ಯುತ್ತಿದ್ದಳು. ಕೆಳಗೆ ನೀನು ಬೊಗಸೆ ಹಿಡಿಯುತ್ತಿದ್ದೆ.

ಮೈಸೂರಿನ ಕಾಲೇಜಿನಿಂದ ಸಂಘ, ಕರಪತ್ರ, ಕ್ರಾಂತಿ ಎಲ್ಲ ತಲೆಗೆ ತುಂಬಿಕೊಂಡು ಬಂದಿದ್ದ ನಾನು ಒಂದು ಮಧ್ಯಾಹ್ನ ಅವ್ವನ ಕೈಯಿಂದ ಚೊಂಬು ಕಿತ್ತು ನಿನ್ನ ಕೈಗೆ ಕೊಟ್ಟೆ. “ಬ್ಯಾಡ ಬುದ್ಧಿ, ಅವ್ವಾರು ನೋಡ್ತಾವ್ರೆ” ಎಂದೆ ನೀನು. ‘ಬುದ್ಧಿ’ ಅನ್ನಬೇಡ, ಹೆಸರು ಹಿಡಿದು ಕರಿ ಎಂದು ನಾನು ಜೋರು ಮಾಡಿದೆ. “ನಿಮ್ಮೆಸ್ರಿಡಿದು ಕರುದ್ರೆ ನಿಮ್ಮಪ್ಪಾರು ಸೊಪ್ಪು ಬುಟ್ಟು ನನ್ನೇ ಬ್ಯಾರನ್ಗೆ ಏರಾಕ್ತಾರೆ” ಎಂದೆ. ಆಮೇಲೆ ನೀನು ಕುಡಿದೆ. ಚೊಂಬಿನ ಅಂಚಿಗೆ ಬಾಯಿಟ್ಟು, ಕಣ್ಣು ಮುಚ್ಚಿಕೊಂಡು. ಅವ್ವ ಆ ಚೊಂಬನ್ನು ತಿಪ್ಪೆಗೆ ಎಸೆದಳು. ಅಪ್ಪ ಗಂಗಾಧರಪ್ಪ ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಅವತ್ತಿನಿಂದ ನಾನು ನಿನಗೆ ಬುದ್ಧಿಯೂ ಆಗದೆ, ಬರೀ ಗೌರೀಶನೂ ಆಗದೆ, ‘ಗೌರೀಸಪ್ಪ’ ಆದೆ.

ಆ ಚೊಂಬಿನ ಕಥೆಯನ್ನು ನಾನು ಎಷ್ಟು ವೇದಿಕೆಯ ಮೇಲೆ ಹೇಳಿದ್ದೇನೋ ಲೆಕ್ಕವಿಲ್ಲ. ಹುಣಸೂರಿನಲ್ಲಿ, ಕೆ.ಆರ್. ನಗರದಲ್ಲಿ, ಮೈಸೂರಿನಲ್ಲಿ. ಹೇಳಿದಲ್ಲೆಲ್ಲ ಚಪ್ಪಾಳೆ. ಚಪ್ಪಾಳೆ ತೆಗೆದುಕೊಂಡವನು ನಾನು, ಅವತ್ತು ಸಂಜೆ ಅಪ್ಪನ ಕಣ್ಣಿಗೆ ಹೆದರಿ ಹಿಂದಿನ ದಾರಿಯಿಂದ ಕೇರಿಗೆ ಓಡಿದವಳು ನೀನು. ಈ ಅರ್ಧ ಕಥೆಯನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ.

ಹೋದ ಮುಂಗಾರಿನಲ್ಲಿ ಕಾಲುವೆ ತೋಡಲು, ಬಾಳೆ, ಪರಂಗಿ, ನುಗ್ಗೆ ನೆಡಲು ನೀನು ಜೊತೆಗಿದ್ದೆ. ಪೇಟೆಯವರು ಬರೆಯುವ ಹಾಗೆ ನಿನ್ನನ್ನು ಹಳ್ಳಿಯ ಜ್ಞಾನಿ ಮಾಡಿ ಬರೆಯುವುದಿಲ್ಲ. ನೀನು ಜ್ಞಾನಿಯಲ್ಲ, ನಗೆಗಾತಿ. “ಊರೋರೆಲ್ಲ ಕಸ ಗುಡಿಸಕ್ಕೆ ಕರೀತಾರೆ, ನೀನು ಕಸ ಆಸಕ್ಕೆ ಕರ್ದಿದ್ದೀಯ. ಆವು ಬಂದು ಸಂಸಾರ ಊಡ್ತದೆ ನೋಡ್ತಿರು” ಎಂದೆ. ಬಾಳೆ ಬಡಕಲಾಗಿದ್ದಾಗ ಕಿವಿಯ ಹತ್ತಿರ ಬಂದು, “ಒಂದಿಡಿ ಯೂರಿಯಾ ಎರ್ಚು ಗೌರೀಸಪ್ಪ, ನಿಮ್ ಮೇಷ್ಟ್ರಿಗೆ ಯೋಳಕಿಲ್ಲ ಬುಡು” ಎಂದೆ. ನಾನು ನಗಲಿಲ್ಲ. ಭಾಷಣ ಮಾಡಿದೆ. ಆದರೂ ಮುಂಗಾರು ಮುಗಿಯುವ ಹೊತ್ತಿಗೆ ಕಾಲುವೆಯ ಪಕ್ಕ, ಹೊಂಗೆಮರದ ಹತ್ತಿರದ ಒಂದು ಪಾತಿಯನ್ನು ತೋರಿಸಿ, ಇದು ನಿನ್ನದು, ಏನು ಬೇಕೋ ಹಾಕಿಕೋ ಎಂದೆ. ನೀನು ಸೀರೆಯ ಗಂಟಿನಿಂದ ನಾಟಿ ಟೊಮೊಟೊ ಬೀಜ, ಬದನೆ ಬೀಜ ಬಿಚ್ಚಿದೆ.

ಅಕ್ಟೋಬರಿನಲ್ಲಿ ಪಕ್ಕದ ಹೊಲದ ಬಸವರಾಜು ಹೊಗೆಸೊಪ್ಪು ಮುರಿದು ಮುಗಿಸಿ, ಒಣಗಿ ನಿಂತಿದ್ದ ಕಡ್ಡಿಗಳನ್ನು ಕಿತ್ತು ಬದುವಿಗೆ ರಾಶಿ ಹಾಕಿದ. ನನ್ನ ಪಾತಿಗಳಿಗೆ ಹೊದಿಕೆ ಬೇಕಿತ್ತು. ಎರಡು ಟ್ರ್ಯಾಕ್ಟರ್ ಕಡ್ಡಿ ಹೊಡೆಸಿಕೊಂಡು ಬಂದೆ. “ಅದ್ಯಾಕಪ್ಪ ಒತ್ಕಂಡ್ ಬತ್ತೀಯ? ಒಲೆಗಾಕುದ್ರೆ ಕಣ್ಣು ಕಿತ್ ಬತ್ತದೆ, ಅದ್ನ ನೆಲಕ್ಕಾಸ್ತಾರಾ?” ಎಂದು ನೀನು ಕೇಳಿದೆ. ಪ್ರಕೃತಿಯಲ್ಲಿ ಕಸ ಎನ್ನುವುದೇ ಇಲ್ಲ ಅಕ್ಕ ಎಂದು ಹನ್ನೆರಡು ದಿನದ ಪಾಠವನ್ನೆಲ್ಲ ನಿನ್ನ ಮೇಲೆ ಸುರಿದೆ. ಕಡ್ಡಿ ಕತ್ತರಿಸಿ, ಹಾಸಿ, ಅದರ ನಡುವೆ ಟೊಮೊಟೊ, ಮೆಣಸಿನ ಸಸಿ ನೆಟ್ಟೆವು. ನಿನ್ನ ಮೂಲೆಗೆ ಬರುವಷ್ಟರಲ್ಲಿ ಕಡ್ಡಿ ಮುಗಿದಿತ್ತು. “ನಂಗೆ ಬ್ಯಾಡ ಬುಡು” ಎಂದು ನೀನು ಹೊಂಗೆ ಸೊಪ್ಪು ತರಿದು ಹಾಸಿಕೊಂಡೆ.

ಡಿಸೆಂಬರಿನಲ್ಲಿ ನನ್ನ ಗಿಡಗಳ ಎಲೆ ಕೆಟ್ಟವು. ಒಂದೇ ಎಲೆಯಲ್ಲಿ ಹಳದಿ ಮಚ್ಚೆ, ಹಸಿರು ಮಚ್ಚೆ. ಚಿಗುರು ಮುದುಡಿ ದಾರದ ಹಾಗೆ ಸಣ್ಣಗಾಯಿತು. ಫೋಟೋ ತೆಗೆದು ಕಿರಣ್ಕುಮಾರನಿಗೆ ಕಳಿಸಿದೆ. ಉತ್ತರ ಬಂತು: “ಹೊಗೆಸೊಪ್ಪಿನ ನಂಜುರೋಗ ಇದ್ದಂಗಿದೆ ಸಾರ್. ಕೈಯಿಂದ ಗಿಡಕ್ಕೆ ದಾಟುತ್ತೆ. ಹೊಗೆಸೊಪ್ಪು ಮುಟ್ಟಿದವರು ಸೋಪು ಹಾಕಿ ಕೈ ತೊಳ್ಕೊಂಡು ಗಿಡ ಮುಟ್ಟಲಿ.”

ಅಷ್ಟೇ ಇತ್ತು ಅಕ್ಕ, ಅದರಲ್ಲಿ. ಯಾರ ಹೆಸರೂ ಇರಲಿಲ್ಲ. ಆದರೆ ಆ ಸಾಲು ಓದಿದ ಕೂಡಲೇ ನನ್ನ ಕಣ್ಣು ಹುಡುಕಿದ್ದು ನಿನ್ನ ಕೈಯನ್ನು. ಫೋನು ಹಿಡಿದಿದ್ದ ನನ್ನ ಬೆರಳ ಸಂದಿಯಲ್ಲೇ ಬೀಡಿ ಹೊಗೆಯಾಡುತ್ತಿತ್ತು. ಅದು ಕಾಣಲಿಲ್ಲ. ಕೋಟಿ ಸಲ ಯೋಚಿಸಿದ್ದೇನೆ, ಯಾಕೆ ಕಾಣಲಿಲ್ಲ ಎಂದು. ಕೇರಿಯ ಕೈಯೇ ಕೊಳಕು ಎಂದು ನನ್ನ ಕಣ್ಣಿಗೆ ಹುಟ್ಟಿನಿಂದ ಕಲಿಸಿದ್ದರು. ನಾಲಿಗೆಗೆ ಬೇರೆ ಮಾತು ಕಲಿಸಿಕೊಂಡೆ, ಕಣ್ಣಿಗೆ ಕಲಿಸಲಿಲ್ಲ.

ನೀನು ಮೆಣಸಿನ ಸಾಲಿನಲ್ಲಿ ಬಗ್ಗಿದ್ದೆ. ಬದುವಿನ ಮೇಲೆ ನಿಂತು ನಾನು ಹೇಳಿದ್ದನ್ನು ಅಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ. “ಅಕ್ಕ, ನೀನು ಎಲೆಯಡಿಕೆಗೆ ಹೊಗೆಸೊಪ್ಪು ಹಾಕ್ತೀಯ. ಬೆಳಗ್ಗೆ ಬಸವರಾಜು ಮನೇಲಿ ಸೊಪ್ಪು ಆರಿಸಿ ಬರ್ತೀಯ. ರೋಗ ನಿನ್ನ ಕೈಯಿಂದಾನೇ ಬಂದಿದೆ. ಇನ್ನು ಗಿಡ ಮುಟ್ಟಬೇಡ. ಈಚೆ ಬಾ, ಕೈ ತೊಳ್ಕೊ.” ಆಮೇಲೆ ಜಗ್ಗಿನಲ್ಲಿ ನೀರು ತಂದೆ. ಬದುವಿನ ಮೇಲಿಂದ ಇಳಿಯಲಿಲ್ಲ. ಅಲ್ಲಿಂದಲೇ ಹೊಯ್ದೆ. ಕೆಳಗೆ ನೀನು ಬೊಗಸೆ ಹಿಡಿದೆ.

ತೊಳೆದುಕೊಂಡೆ. ಸೆರಗಿಗೆ ಒರೆಸಿಕೊಂಡೆ. “ಆಯ್ತು ಬುದ್ಧಿ” ಎಂದೆ.

ಚುಚ್ಚಲು ಅಂದಿದ್ದರೆ ನಾನು ಇಷ್ಟು ಬೇಯುತ್ತಿರಲಿಲ್ಲ. ನಿನ್ನ ದನಿಯಲ್ಲಿ ಚುಚ್ಚು ಇರಲಿಲ್ಲ. ಮೂವತ್ತೆಂಟು ವರ್ಷ ಎಲ್ಲಿ ಅಡಗಿತ್ತೋ, ಕರೆದ ಹಾಗೆ ತಾನಾಗಿ ಬಂತು. ನಾನು ಕರೆದಿದ್ದೆ.

ಆ ಕಡೆ ಬದುವಿನಲ್ಲಿದ್ದ ಬಸವರಾಜು ಎಲ್ಲ ನೋಡಿದ್ದ. “ಏನ್ ಗೌರೀಶಣ್ಣ, ನಾವೇ ಈಗ ಅಂಗೆಲ್ಲ ಅನ್ನಕಿಲ್ಲ ಕಣಣ್ಣೋ” ಎಂದು ನಕ್ಕ. ನನಗೆ ರೇಗಿತು. ಇದು ವಿಜ್ಞಾನ ಕಣಯ್ಯ, ಜಾತಿಯಲ್ಲ ಎಂದು ಕೂಗಿದೆ. ಅವತ್ತೇ ಸಂಜೆ ಪಾತಿಗಳ ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿದೆ. ಅವ್ವನಿಗೂ ಒಂದು ಕಾರಣವಿತ್ತು, ಅವಳು ಅದನ್ನು ಆಚಾರ ಎನ್ನುತ್ತಿದ್ದಳು. ಅವಳ ಕಾರಣ ಬೇರೆ, ನನ್ನದು ಬೇರೆ. ನೀರು ಬಿದ್ದ ಎತ್ತರ ಮಾತ್ರ ಒಂದೇ.

ಮಾರನೇ ದಿನ ನೀನು ಬರಲಿಲ್ಲ. ಅದರ ಮಾರನೇ ದಿನ ಮಿರ್ಲೆಗೆ ಹೋದೆ ಎಂದು ತಿಳಿಯಿತು. ನಾನು ಕೆಟ್ಟ ಗಿಡಗಳನ್ನೆಲ್ಲ ಕಿತ್ತು, ಉಳಿದಿದ್ದ ಸಸಿಗಳನ್ನು ಒಬ್ಬನೇ ನೆಟ್ಟೆ. ಮುಟ್ಟುವ ಮುಂಚೆ ಸೋಪು ಹಾಕಿ ಮೊಣಕೈವರೆಗೆ ತೊಳೆದೆ. ಮೂರು ವಾರಕ್ಕೆ ಅವೂ ಮುದುಡಿದವು. ಕಿರಣ್ಕುಮಾರ್ ಗಾಬರಿಯಾಗಿ ಬೈಕ್ ಹತ್ತಿ ಬಂದ. ಹಗ್ಗ ದಾಟಿ ಒಳಗೆ ಹೋದವನು ಕುಕ್ಕರುಗಾಲಿನಲ್ಲಿ ಕೂತು ಹೊದಿಕೆಯಿಂದ ಒಂದು ತುಂಡು ಎತ್ತಿದ.

“ಇದೇನ್ ಸಾರ್ ಹಾಸಿರೋದು?”

ಹೇಳಿದೆ. “ಒಣಗಿದ್ ಕಡ್ಡೀಲೂ ಆ ನಂಜು ಇರುತ್ತೆ. ಇದನ್ನ ಮೊದಲೇ ಯಾಕ್ ಹೇಳ್ಲಿಲ್ಲ? ರೋಗಾನೇ ಹಾಸಿಗೆ ಹಾಸಿ ಅದರ ಮೇಲೆ ಸಸಿ ಮಲಗಿಸಿದ್ದೀರ” ಎಂದ. ಹೊಗೆಸೊಪ್ಪೇ ತುಂಬಿದ ನನ್ನ ಜೇಬಿನ ಬೀಡಿ ಕಟ್ಟಿನ ಮೇಲೂ ಅವನ ಕಣ್ಣು ಬಿತ್ತು. ಎದ್ದು ಸುತ್ತ ಕಣ್ಣಾಡಿಸಿದವನು ಮೂಲೆಯ ಕಡೆ ಕೈ ತೋರಿಸಿದ. “ಅದ್ ಯಾರ್ ಹಾಕಿದ್ ಪಾತಿ?”

ನಾನು ಆ ಮೂಲೆಗೆ ನಾಲ್ಕು ವಾರದಿಂದ ಹೋಗಿರಲಿಲ್ಲ. ನಾಚಿಕೆಯಿಂದ ಆ ದಿಕ್ಕಿಗೆ ತಲೆಯನ್ನೇ ಎತ್ತಿರಲಿಲ್ಲ. ಹೋಗಿ ನೋಡಿದರೆ ಹೊಂಗೆ ಸೊಪ್ಪಿನ ಹೊದಿಕೆಯ ನಡುವೆ, ಕಾಲುವೆಯ ತೇವ ಕುಡಿದುಕೊಂಡು, ನಿನ್ನ ಟೊಮೊಟೊ ಕಡುಹಸಿರಾಗಿ ನಿಂತಿದ್ದವು. ಒಂದು ಎಲೆಯಲ್ಲೂ ಮಚ್ಚೆಯಿಲ್ಲ. ಕೆಳಗಿನ ಗೊಂಚಲು ಕೆಂಪಾಗಲು ಶುರುವಾಗಿತ್ತು. ಬದನೆ ಹೂ ಬಿಟ್ಟಿತ್ತು. ಬೀಜದಿಂದ ಹಿಡಿದು ಕೊನೆಯ ಎಲೆಯವರೆಗೆ ನಿನ್ನ ಕೈ ಬಿಟ್ಟು ಬೇರೆ ಕೈ ಮುಟ್ಟದ ಗಿಡಗಳು ಅವು. ಎಲೆಯಡಿಕೆ ಮೆಲ್ಲುವ, ಬಸವರಾಜನ ಸೊಪ್ಪು ಆರಿಸುವ ಅದೇ ಕೈ.

ಕಿರಣ್ಕುಮಾರ್ ಹೋದ ಮೇಲೆ ಕಡ್ಡಿಗಳನ್ನೆಲ್ಲ ಬಾಚಿ ಅಪ್ಪನ ಹಳೇ ಬ್ಯಾರನ್ನಿನ ಒಲೆಗೆ ತುಂಬಿ ಸುಟ್ಟೆ. ನೀನು ಹೇಳಿದ ಹಾಗೆಯೇ ಕಣ್ಣು ಕಿತ್ತು ಬಂತು. ನಾನು ಅತ್ತೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಅದು ಹೊಗೆಯೇ.

ಹಾರನಹಳ್ಳಿಯ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ಬಸವರಾಜುವಿಗೆ ನಡೆದದ್ದನ್ನೆಲ್ಲ ಹೇಳಿದೆ. ರೋಗ ತಂದವನು ನಾನು, ಅವಳ ಮೇಲೆ ಹೊರಿಸಿದವನೂ ನಾನು ಎಂದೆ. ಅವನು ಟೀ ಊದಿಕೊಂಡು, “ನನ್ಗ್ಯಾಕಣ್ಣ ಯೋಳ್ತೀಯ? ಮಿರ್ಲೆ ಬಸ್ ಅತ್ತು” ಎಂದ.

ಹತ್ತಿದೆ ಅಕ್ಕ. ಕೆ.ಆರ್. ನಗರದಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಮಿರ್ಲೆಯವರೆಗೆ ಬಂದೆ. ಬೀದಿಯ ತುದಿಯಿಂದ ನಿನ್ನನ್ನು ನೋಡಿದೆ. ಹೊಸ್ತಿಲ ಮೇಲೆ ಕೂತು ಮೊಮ್ಮಗುವಿನ ತಲೆ ಬಾಚುತ್ತಿದ್ದೆ. ಅಲ್ಲಿಂದಲೇ ತಿರುಗಿ ಬಂದೆ. ಹೇಡಿತನ ಎನ್ನು, ಒಪ್ಪುತ್ತೇನೆ, ಆದರೆ ಇನ್ನೊಂದು ಮಾತೂ ಇದೆ. ನಾನು ಎದುರು ಬಂದು ನಿಂತಿದ್ದರೆ ನೀನು ಎದ್ದು ನಿಲ್ಲುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ “ಬುಡಪ್ಪ, ಏನಾಯ್ತೀಗ” ಎಂದು ಟೀ ಕಾಯಿಸಲು ಹೋಗುತ್ತಿದ್ದೆ. ಜಮೀನಿದ್ದವನು ಬಾಗಿಲಿಗೆ ಬಂದರೆ ನಿಮ್ಮ ಕೇರಿಯಲ್ಲಿ ಕ್ಷಮೆ ತಾನಾಗಿ ಸಿಕ್ಕಿಬಿಡುತ್ತದೆ. ಹಾಗೆ ಸಿಗುವುದು ನನಗೆ ಬೇಡ. ಕಾಗದಕ್ಕಾದರೆ ನೀನು ಎದ್ದು ನಿಲ್ಲಬೇಕಿಲ್ಲ. ಕೇಳಿಸಿಕೊಂಡು ಬೈಯಬಹುದು, ಮಡಿಸಿ ಸೂರಿಗೆ ಸಿಕ್ಕಿಸಬಹುದು, ಒಲೆಗೆ ಹಾಕಬಹುದು.

ಆ ಮೂಲೆಯ ಜಮೀನನ್ನು ನಿನ್ನ ಹೆಸರಿಗೆ ಬರೆಯುತ್ತೇನೆ ಎಂದು ಈ ಹಾಳೆಯ ಮೇಲೆ ಬರೆಯಹೊರಟಿದ್ದೆ. ನಿಲ್ಲಿಸಿದೆ. ತಪ್ಪು ಮಾಡಿ ದಾನ ಕೊಡುವುದು ಒಡೆಯರ ಹಳೇ ಚಾಳಿ. ಭೂಮಿಯ ಮಾತು ದೊಡ್ಡ ಮಾತು, ಒಂದೇ ಬದುವಿನ ಮೇಲೆ ಇಬ್ಬರೂ ಕೂತು ಆಡಬೇಕಾದ್ದು. ನಿನಗೆ ಆಡುವ ಮನಸ್ಸು ಬಂದರೆ.

ಈಗ ತೋಟ ಹೇಗಿದೆ ಎಂದರೆ, ನನ್ನ ಪಾತಿಗಳಲ್ಲಿ ಜೋಳ, ಅಲಸಂದೆ ಹಾಕಿದ್ದೇನೆ. ಇನ್ನೆರಡು ವರ್ಷ ಅಲ್ಲಿ ಟೊಮೊಟೊ ಬೇಡ ಎಂದಿದ್ದಾನೆ ಮೇಷ್ಟ್ರು. ಹಗ್ಗವನ್ನು ಅಲ್ಲಿಂದ ಬಿಚ್ಚಿದೆ. ಬಿಚ್ಚಿ ನಿನ್ನ ಪಾತಿಯ ಸುತ್ತ ಕಟ್ಟಿದೆ. ಎರಡು ಟ್ರ್ಯಾಕ್ಟರ್ ಕಡ್ಡಿ ಹೊತ್ತ ಕೈ ನನ್ನದು. ಬೀಡಿ ಬಿಟ್ಟು ಹದಿನೆಂಟು ದಿನವಾಯಿತು, ನಾಳೆ ಏನೋ ಗೊತ್ತಿಲ್ಲ. ಅದಕ್ಕೇ ಒಳಗೆ ಹೋಗುವುದಿಲ್ಲ. ಹಗ್ಗದ ಈಚೆ ಮಂಡಿಯೂರಿ ಕೂತು, ಪಾತಿಯ ಅಂಚಿಗೆ ಚೊಂಬು ಬಗ್ಗಿಸಿ ನೀರು ಬಿಡುತ್ತೇನೆ. ಮೇಲಿಂದ ಹೊಯ್ಯುವುದಿಲ್ಲ.

ಹಣ್ಣು ಪೂರ್ತಿ ಕೆಂಪಾಗಿವೆ. ಒಂದನ್ನೂ ಕಿತ್ತಿಲ್ಲ. ನಿನ್ನೆ ಒಂದು ತಾನಾಗಿ ಬಿದ್ದು ಒಡೆದಿತ್ತು, ಅದನ್ನೂ ಎತ್ತಲಿಲ್ಲ. ನೀನು ಬಂದರೆ ನಿನ್ನ ಕೈಯಿಂದ ಕೀಳು, ಬೀಜ ತೆಗೆದು ಸೀರೆಯ ಗಂಟಿಗೆ ಕಟ್ಟಿಕೋ. ಬರದಿದ್ದರೆ ಅವು ಅಲ್ಲೇ ಉದುರುತ್ತವೆ, ಹೊಂಗೆ ಸೊಪ್ಪಿನ ಕೆಳಗೆ ಕೂತು ಮುಂಗಾರಿಗೆ ತಾವೇ ಏಳುತ್ತವೆ. ನಿನ್ನ ಗಿಡಗಳಿಗೆ ನನ್ನ ಅಗತ್ಯವಿಲ್ಲ. ಕಾಯುತ್ತಿರುವವನು ನಾನು.

ಬಂದರೆ ನನ್ನನ್ನು ಏನೆಂದು ಕರೆಯಬೇಕು ಎಂದು ಈ ಸಲ ಹೇಳುವುದಿಲ್ಲ. ಅವತ್ತು ಅದನ್ನೂ ನಾನೇ ಅಪ್ಪಣೆ ಮಾಡಿದ್ದೆ. ನಿನ್ನ ಬಾಯಿ, ನಿನ್ನ ಇಷ್ಟ.

ಮಂಗಳಮ್ಮನ ಮಗು ಗಟ್ಟಿಮುಟ್ಟಾಗಿ ಬೆಳೆಯಲಿ. ನೀನು ಮುಟ್ಟಿದ್ದು ಚಿಗುರಲಿ ಎಂದು ಹರಸುವ ಯೋಗ್ಯತೆ ನನಗಿಲ್ಲ. ಚಿಗುರಿದೆ, ಕಣ್ಣಾರೆ ಕಂಡೆ ಎಂದಷ್ಟೇ ಹೇಳಬಲ್ಲೆ.

ಹಗ್ಗದ ಈಚೆ ಕೂತಿರುವ,
ಗೌರೀಶ